ರಾಜ್ಯಾಂಗ ರಚನಾ ಸಭೆಯೂ ಗೌರ್ನರ್ ಜನರಲ್ಲರ ಅಂಕಿತವೂ

ಹೊಸದಾಗಿ ಸ್ವತಂತ್ರವಾದ ರಾಷ್ಟ್ರವು ಎದುರಿಸುವ ಮೊದಲ ತೊಡಕು ವಿಚಿತ್ರವಾದುದು. ರಾಜ್ಯಾಂಗವನ್ನು ರಚಿಸಲು ಒಂದು ಸಭೆ ಬೇಕು. ಆ ಸಭೆಗೆ ಅಧಿಕಾರವನ್ನು ಕೊಡತಕ್ಕ ರಾಜ್ಯಾಂಗವಾದರೋ ಇನ್ನೂ ಹುಟ್ಟಿರುವುದಿಲ್ಲ. ಇದು ಬರಿಯ ತರ್ಕದ ಒಗಟಲ್ಲವೆಂಬುದಕ್ಕೆ ಪಾಕಿಸ್ತಾನದ ಮೊದಲ ಎಂಟು ವರ್ಷಗಳ ಚರಿತ್ರೆಯೇ ಸಾಕ್ಷಿ.

೧೯೪೭ರ ಸ್ವಾತಂತ್ರ್ಯ ಕಾಯಿದೆಯು ಭಾರತ, ಪಾಕಿಸ್ತಾನಗಳೆರಡಕ್ಕೂ ಒಂದೇ ಏರ್ಪಾಟನ್ನು ಮಾಡಿಕೊಟ್ಟಿತು. ಹೊಸ ರಾಜ್ಯಾಂಗವಾಗುವವರೆಗೆ ೧೯೩೫ರ ಕಾಯಿದೆಯೇ ತಿದ್ದುಪಡಿಗಳೊಡನೆ ನಡೆಯತಕ್ಕದ್ದು. ರಾಜ್ಯಾಂಗ ರಚನಾ ಸಭೆಯೇ ಶಾಸನಸಭೆಯ ಕೆಲಸವನ್ನೂ ಮಾಡತಕ್ಕದ್ದು. ಸದಸ್ಯರು ಬಹುಮಟ್ಟಿಗೆ ಪ್ರಾಂತೀಯ ಶಾಸನಸಭೆಗಳಿಂದ ಆರಿಸಿ ಬಂದವರು. ಆ ಶಾಸನಸಭೆಗಳಿಗೆ ಮತ ಕೊಟ್ಟವರೋ ಆಸ್ತಿ, ತೆರಿಗೆ, ವಿದ್ಯೆಗಳ ಅರ್ಹತೆಯುಳ್ಳ ಕೆಲವರು. ನಮ್ಮ ಮುತ್ತಜ್ಜನಂಥ ಕೂಲಿಯವರಿಗೆ ಅದರಲ್ಲಿ ಪಾಲಿರಲಿಲ್ಲ.

ದೆಹಲಿಯಲ್ಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸಿದರು. ರಾಜ್ಯಾಂಗಕ್ಕಾಗಿ ಕುಳಿತಾಗ ಬಾಬು ರಾಜೇಂದ್ರ ಪ್ರಸಾದರು ಅಧ್ಯಕ್ಷರು; ಶಾಸನಕ್ಕಾಗಿ ಕುಳಿತಾಗ ಮಾವಳಂಕರರು ಸ್ಪೀಕರು. ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು ಸಭೆಯ ಸಲಹೆಗಾರರು. ೧೯೪೯ರ ನವೆಂಬರ್ ೨೬ರಂದು ರಾಜೇಂದ್ರ ಪ್ರಸಾದರ ಸಹಿಯಿಂದಲೇ ರಾಜ್ಯಾಂಗವು ಪ್ರಮಾಣಿತವಾಯಿತು. ಗೌರ್ನರ್ ಜನರಲ್ಲರ ಅಂಕಿತವನ್ನು ಕೇಳಲಿಲ್ಲ.

ಕರಾಚಿಯಲ್ಲಿಯೂ ಪದ್ಧತಿ ಅದೇ. ಜಿನ್ನಾ ಅವರೇ ಗೌರ್ನರ್ ಜನರಲ್ಲರೂ ಸಭಾಧ್ಯಕ್ಷರೂ ಆಗಿದ್ದಾಗ ಯಾರ ಸಹಿ ಎಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ೧೯೪೮ರಲ್ಲಿ ಅವರು ತೀರಿಕೊಂಡರು. ೧೯೫೧ರಲ್ಲಿ ಪ್ರಧಾನಿ ಲಿಯಾಕತ್ ಅಲಿ ಖಾನರ ಕೊಲೆಯಾಯಿತು. ಹೆಚ್ಚು ಜನರಿದ್ದ ಪೂರ್ವ ಬಂಗಾಳಕ್ಕೂ ಪಶ್ಚಿಮದ ಪ್ರಾಂತಗಳಿಗೂ ಸ್ಥಾನಗಳನ್ನು ಹಂಚುವ ವಾದ ವರ್ಷಗಟ್ಟಲೆ ನಡೆಯಿತು. ೧೯೫೪ರ ಮಾರ್ಚಿನಲ್ಲಿ ಪೂರ್ವ ಬಂಗಾಳದ ಚುನಾವಣೆಯಲ್ಲಿ ಮುಸ್ಲಿಂ ಲೀಗು ನೆಲಕಚ್ಚಿತು. ರಚನಾ ಸಭೆಯಲ್ಲಿ ಮಾತ್ರ ಹಳಬರೇ ಉಳಿದರು. ಮಂತ್ರಿಮಂಡಲವನ್ನು ವಜಾ ಮಾಡುವ ಗೌರ್ನರ್ ಜನರಲ್ಲರ ಅಧಿಕಾರವನ್ನು ಸಭೆಯು ಸೆಪ್ಟೆಂಬರಿನಲ್ಲಿ ಮೊಟಕುಗೊಳಿಸಿತು. ಅಕ್ಟೋಬರ್ ೨೪ರಂದು ಗೌರ್ನರ್ ಜನರಲ್ ಗುಲಾಂ ಮಹಮ್ಮದರು ಸಭೆಯನ್ನೇ ವಿಸರ್ಜಿಸಿದರು! ಸಭೆಯು ಜನರ ವಿಶ್ವಾಸವನ್ನು ಕಳೆದುಕೊಂಡಿದೆಯೆಂಬುದು ಅವರ ವಾದ. ಅದು ಪೂರ್ತಿ ಸುಳ್ಳಲ್ಲ. ಆದರೆ ಹಾಗೆಂದವರನ್ನಾದರೂ ಜನ ಆರಿಸಿದ್ದರೇ?

ಸಭಾಧ್ಯಕ್ಷ ತಮೀಜುದ್ದೀನ್ ಖಾನರು ಸಿಂಧಿನ ಮುಖ್ಯ ನ್ಯಾಯಾಲಯದಲ್ಲಿ ದಾವೆ ಹೂಡಿ ಗೆದ್ದರು. ೧೯೫೫ರ ಮಾರ್ಚ್ ೨೧ರಂದು ಫೆಡರಲ್ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ನ್ಯಾಯಾಲಯಕ್ಕೆ ರಿಟ್ ಹೊರಡಿಸುವ ಅಧಿಕಾರವನ್ನು ಕೊಟ್ಟ ೨೨೩-ಎ ವಿಧಿಗೆ ಗೌರ್ನರ್ ಜನರಲ್ಲರ ಅಂಕಿತ ಬಿದ್ದಿರಲಿಲ್ಲವಂತೆ. ಆದ್ದರಿಂದ ಅದು ಕಾನೂನೇ ಅಲ್ಲವಂತೆ. ಸಭೆಯನ್ನು ವಿಸರ್ಜಿಸಿದ್ದು ಸರಿಯೇ ಎಂಬ ಮುಖ್ಯ ಪ್ರಶ್ನೆಯನ್ನು ಮುಖ್ಯ ನ್ಯಾಯಾಧೀಶ ಮುನೀರರ ಪೀಠವು ಮುಟ್ಟಲಿಲ್ಲ. ಭಿನ್ನಮತವನ್ನು ಬರೆದವರು ಕಾರ್ನೀಲಿಯಸ್ ಒಬ್ಬರೇ. ಹೆಬ್ಬೆಟ್ಟು ಒತ್ತುವ ನನ್ನ ತಂದೆಯವರಿಗೆ ಈ ಕಥೆಯನ್ನು ಹೇಳಿದಾಗ, “ಏಳು ವರ್ಷ ಸುಮ್ಮನಿದ್ದು ಈಗ ಸಹಿ ಇಲ್ಲ ಅಂದರೆ ಹೇಗಪ್ಪಾ?” ಎಂದರು. ಕಾರ್ನೀಲಿಯಸ್ಸರ ಪಕ್ಷವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನ್ನಿಂದಾಗದು.

ಭಾರತದ ಸಭೆಯೂ ಅಂಥದೇ ಕಿರಿದಾದ ಮತದಾನದಿಂದ ಬಂದುದೆಂಬುದನ್ನು ಮರೆಯಲಾಗದು. ಅದು ಮೂರು ವರ್ಷದೊಳಗೆ ಕೆಲಸವನ್ನು ಮುಗಿಸಿತು. ೧೯೫೧-೫೨ರಲ್ಲಿ ವಯಸ್ಕರೆಲ್ಲರೂ ಮತ ಕೊಟ್ಟು ಹೊಸ ಪಾರ್ಲಿಮೆಂಟನ್ನು ಆರಿಸಿದರು. ಪಾಕಿಸ್ತಾನದ ಎರಡನೆಯ ರಚನಾ ಸಭೆಯನ್ನೂ ಪ್ರಾಂತೀಯ ಶಾಸನಸಭೆಗಳೇ ಆರಿಸಿದವು. ೧೯೫೬ರ ಮಾರ್ಚ್ ೨೩ರಂದು ಜಾರಿಗೆ ಬಂದ ಅದರ ರಾಜ್ಯಾಂಗವು ಒಂದು ಸಾರ್ವತ್ರಿಕ ಚುನಾವಣೆಯನ್ನೂ ಕಾಣದೆ ೧೯೫೮ರ ಅಕ್ಟೋಬರಿನಲ್ಲಿ ಸೈನಿಕ ಶಾಸನಕ್ಕೆ ಬಲಿಯಾಯಿತು. ಅಲ್ಲಿಯ ಜನ ರಾಷ್ಟ್ರೀಯ ಸಭೆಗೆ ಮೊದಲ ಸಲ ನೇರವಾಗಿ ಮತ ಕೊಟ್ಟುದು ೧೯೭೦ರ ಡಿಸೆಂಬರಿನಲ್ಲಿ. ಆರಿಸಿ ಬಂದ ಆ ಸಭೆಯ ಅಧಿವೇಶನವನ್ನು ಸೈನಿಕ ಸರ್ಕಾರವು ಮುಂದೂಡಿತು. ಮರುವರ್ಷ ಪೂರ್ವ ಬಂಗಾಳವು ಬಾಂಗ್ಲಾದೇಶವಾಗಿ ಬೇರೆಯಾಯಿತು.