ಚಿತ್ರಕಲೆಯಲ್ಲಿ ಮಾನವಾಕೃತಿಯ ಅಭ್ಯಾಸ

ಚಿತ್ರಕಲೆಯ ಅಭ್ಯಾಸಗಳಲ್ಲೆಲ್ಲ ಕಠಿನವಾದುದು ಮನುಷ್ಯನ ಆಕೃತಿಯನ್ನು ಬರೆಯುವುದು. ಚಿತ್ರದಲ್ಲಿ ಮರದ ಕೊಂಬೆಯೊಂದು ಒಂದಂಗುಲ ಆಚೀಚೆಯಾದರೆ ಯಾರೂ ಅದನ್ನು ಗುರುತಿಸಲಾರರು. ಗುಡ್ಡದ ತುದಿ ತುಸು ತಗ್ಗಿದರೂ ಅದು ಗುಡ್ಡವೇ. ಆದರೆ ಮನುಷ್ಯನ ಮೊಣಕೈ ಒಂದಂಗುಲ ಕೆಳಗೆ ಜಾರಿದರೆ ಐದು ವರ್ಷದ ಮಗುವೂ ನಕ್ಕುಬಿಡುವುದು. ಹುಟ್ಟಿದಂದಿನಿಂದ ನಾವು ನೋಡುತ್ತಿರುವುದು ಮನುಷ್ಯರನ್ನೇ. ಆದುದರಿಂದ ತಪ್ಪನ್ನು ಕಂಡುಹಿಡಿಯಲು ಎಲ್ಲರೂ ಬಲ್ಲರು. ಸರಿಯಾಗಿ ಬರೆಯಲು ಮಾತ್ರ ಕೆಲವರೇ ಬಲ್ಲರು. ಈ ಅಂತರವೇಕೆ, ಅದನ್ನು ದಾಟುವ ಮಾರ್ಗ ಯಾವುದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನರು ಈ ವಿಷಯವನ್ನು ಲಘುವಾಗಿ ಕಂಡವರಲ್ಲ. ವಾತ್ಸ್ಯಾಯನನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂದು ಆರು ಅಂಗಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಪ್ರಮಾಣಕ್ಕೆ, ಅಂದರೆ ಅಳತೆಗೆ, ಎರಡನೆಯ ಸ್ಥಾನ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯಾಗಿ ವಿಂಗಡಿಸಿ ಒಬ್ಬೊಬ್ಬರ ಅಳತೆಯನ್ನೂ ಕೊಡಲಾಗಿದೆ. ಹಂಸ ಪುರುಷನ ಎತ್ತರ ೧೦೮ ಅಂಗುಲ. ೧೨ ಅಂಗುಲಕ್ಕೆ ಒಂದು ತಾಲ. ಆದುದರಿಂದ ಅವನು ನವತಾಲ ಪ್ರಮಾಣದವನು. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಅಂಗೈಯ ಉದ್ದವೇ ತಾಲ. ಹಣೆಯಲ್ಲಿ ಕೂದಲು ಮೊದಲಾಗುವ ಗೆರೆಯಿಂದ ಗಲ್ಲದವರೆಗಿನ ಮುಖದ ಉದ್ದವೂ ಸುಮಾರಾಗಿ ಅಷ್ಟೇ. ಓದುವುದನ್ನು ಒಂದು ಕ್ಷಣ ನಿಲ್ಲಿಸಿ, ಅಂಗೈಯನ್ನು ಮುಖದ ಮೇಲಿಟ್ಟು ನೋಡಿರಿ. ಶಾಸ್ತ್ರದ ಮಾತು ನಿಮ್ಮ ಕೈಯಲ್ಲೇ ಇದೆಯೆಂದು ತಿಳಿಯುವುದು.

ದೇಹದ ಹೊರಗಿನ ಅಳತೆಯಂತೆಯೇ ಒಳಗಿನ ರಚನೆಯನ್ನು ಅರಿಯುವ ಪ್ರಯತ್ನವೂ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಕುಂಚದಂಥ ಸಾಧನದಿಂದ ಪದರಪದರವಾಗಿ ತಿಕ್ಕಿ ತೆಗೆಯುತ್ತ ಕಣ್ಣಾರೆ ನೋಡಬೇಕೆಂಬ ವಿಧಾನ ಹೇಳಿದೆ. ಅಲ್ಲಿ ಎಲುಬುಗಳ ಸಂಖ್ಯೆ ೩೦೦. ಇಂದಿನ ಶಾಸ್ತ್ರದಂತೆ ಬೆಳೆದ ಮನುಷ್ಯನ ದೇಹದಲ್ಲಿರುವುದು ೨೦೬. ಹಲ್ಲು, ಮೆಲುವೆಲುಬು ಮುಂತಾದವನ್ನೂ ಹಿಂದಿನವರು ಎಣಿಸುತ್ತಿದ್ದುದು ಈ ವ್ಯತ್ಯಾಸಕ್ಕೆ ಒಂದು ಕಾರಣ. ಯೂರೋಪಿನಲ್ಲಿ ಲಿಯೊನಾರ್ಡೊ ಡ ವಿಂಚಿ ಎಂಬ ಚಿತ್ರಕಾರನು ಶವಗಳನ್ನು ತಾನೇ ಛೇದಿಸಿ ನೋಡಿ ಚಿತ್ರಗಳನ್ನು ಬರೆದನು. ೧೫೪೩ರಲ್ಲಿ ವೆಸೇಲಿಯಸ್ ಎಂಬ ವೈದ್ಯನು ಮಾನವ ದೇಹದ ರಚನೆಯನ್ನು ಕುರಿತು ಪ್ರಕಟಿಸಿದ ಮಹಾಗ್ರಂಥದ ಕೀರ್ತಿಯಲ್ಲಿ ಅದರ ಚಿತ್ರಗಳಿಗೂ ದೊಡ್ಡ ಪಾಲಿದೆ. ವೈದ್ಯನಿಗೂ ಚಿತ್ರಕಾರನಿಗೂ ಹೀಗೆ ಹಳೆಯ ನಂಟು. ನಮ್ಮ ಮುಂಬಯಿಯಲ್ಲಿ ಈ ನಂಟು ಹೆಸರಿನಲ್ಲೇ ಉಳಿದಿದೆ. ೧೮೪೫ರಲ್ಲಿ ತೆರೆದ ಜೆ. ಜೆ. ಆಸ್ಪತ್ರೆ, ೧೮೫೭ರಲ್ಲಿ ಆರಂಭವಾದ ಜೆ. ಜೆ. ಕಲಾಶಾಲೆ ಇವೆರಡೂ ಸರ್ ಜಮ್‌ಶೆಟ್‌ಜೀ ಜೀಜೀಭಾಯಿ ಎಂಬ ಒಬ್ಬನೇ ಮಹನೀಯನ ದಾನದಿಂದ ಬೆಳಕು ಕಂಡವು.

ಈ ಕಲಾಶಾಲೆಯಲ್ಲಿ ಗ್ಲ್ಯಾಡ್‌ಸ್ಟನ್ ಸಾಲೊಮನ್ ಅವರು ೧೯೧೯ರಲ್ಲಿ ಮುಖ್ಯಸ್ಥರಾಗಿ ಬಂದ ಬಳಿಕ ಜೀವಂತ ವ್ಯಕ್ತಿಯನ್ನು ಎದುರಿನಲ್ಲಿ ನಿಲ್ಲಿಸಿಕೊಂಡು ಬರೆಯುವ ತರಗತಿಗೆ ಮಹತ್ವ ದೊರೆಯಿತು. ವಿದ್ಯಾರ್ಥಿಗಳು ಇದನ್ನು 'ಲೈಫ್ ಕ್ಲಾಸ್' ಎಂದು ಕರೆಯುವರು. ಈ ಶಾಲೆಯಲ್ಲಿ ಕಲಿತ ಕನ್ನಡಿಗರಲ್ಲಿ ಅಗ್ರಗಣ್ಯರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಅವರು ಮುಂಬಯಿಗೆ ಬಂದು, ಜೆ. ಜೆ. ಶಾಲೆಯಲ್ಲಿ ಅಭ್ಯಾಸ ಮಾಡಿ, ೧೯೩೮ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದರು. ೧೯೬೧ರಲ್ಲಿ ಪದ್ಮಶ್ರೀ, ೧೯೮೯ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ೧೯೯೬ರಲ್ಲಿ ಅವರು ಇದೇ ನಗರದಲ್ಲಿ ತೀರಿಕೊಂಡರು. ಅವರ ವಿಷಯವನ್ನು ಮುಂದೆ ಮತ್ತೊಮ್ಮೆ ಹೇಳಬೇಕಾಗಿದೆ.

ಇನ್ನು, ಇಂಥ ತರಗತಿಯಲ್ಲಿ ವಿದ್ಯಾರ್ಥಿಯು ಏನನ್ನು ಕಲಿಯುತ್ತಾನೆಂಬುದನ್ನು ನೋಡೋಣ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಕನ್ನಡ ಕಲಿತ ಹುಡುಗನೊಬ್ಬನು ನಗರದ ಕಲಾಶಾಲೆಯೊಂದನ್ನು ಸೇರಿದನು. ಅವನ ತಂದೆ ಉಪನಗರದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ದುಡಿಯುವವರು. ಚಿತ್ರ ಬರೆದು ಹೊಟ್ಟೆ ಹೊರೆಯುವುದುಂಟೇ ಎಂಬುದು ಅವರ ಮೊದಲನೆಯ ಆಕ್ಷೇಪಣೆ; ಉಡುಪು ಕಳಚಿದವರನ್ನು ಕೂರಿಸಿಕೊಂಡು ಬರೆಯುವುದು ಮರ್ಯಾದಸ್ಥರ ವಿದ್ಯೆಯೇ ಎಂಬುದು ಎರಡನೆಯದು. ಹುಡುಗನು ಆಗಾಗ ಬಂದು ತನ್ನ ಅಭ್ಯಾಸದ ವಿಷಯವನ್ನು ನನಗೆ ಹೇಳುತ್ತಿದ್ದನು. ಅವನು ಹೇಳಿದುದರ ಸಾರ ಇದು.

ಮೊದಲು ಅವರಿಗೆ ಕೊಟ್ಟುದು ಪ್ಲಾಸ್ಟರಿನ ಪ್ರತಿಮೆಗಳು. ಅವು ಅಲುಗವು, ದಣಿಯವು. ಅನಂತರ ಕಬ್ಬಿಣದ ಕೊಕ್ಕೆಗೆ ತೂಗುಹಾಕಿದ ಅಸ್ಥಿಪಂಜರ. ಅದರಿಂದ ಅವನು ಕಲಿತ ಮೊದಲ ಪಾಠ, ಎಲ್ಲ ಎಲುಬುಗಳನ್ನೂ ನೆನಪಿಡಬೇಕಾದ ಅಗತ್ಯವಿಲ್ಲ, ಚರ್ಮದ ಹತ್ತಿರಕ್ಕೆ ಬಂದು ತೋರುವ ಗುರುತುಗಳನ್ನು ಹಿಡಿದರೆ ಸಾಕು ಎಂಬುದು. ಕೊರಳ ಕೆಳಗಿನ ಗುಳಿ, ಹೆಗಲಿನವರೆಗೆ ಹೋಗುವ ಕೊರಳೆಲುಬು, ಮೊಣಕೈಯ ತುದಿ, ಸೊಂಟದ ಎಲುಬಿನ ಅಂಚು, ಮಂಡಿಚಿಪ್ಪು, ಕಾಲಿನ ಹರಡು ಇವು ಆ ಗುರುತುಗಳು. ದಪ್ಪಗಿರುವವರಲ್ಲಿಯೂ ಸಣ್ಣಗಿರುವವರಲ್ಲಿಯೂ ಇವು ಇದ್ದೇ ಇರುವುವು. ಒಳಗಿನ ಹರಡು ಹೊರಗಿನ ಹರಡಿಗಿಂತ ತುಸು ಮೇಲಿರುವುದೆಂಬುದನ್ನು, ದಿನವೂ ಕಾಲು ತೊಳೆಯುವ ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ಎರಡನೆಯ ಪಾಠ ಮುಂಗೈಯದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಇರುವುದು ಎರಡು ಎಲುಬುಗಳು. ಅಂಗೈಯನ್ನು ಮೇಲೆ ಮಾಡಿ ಚಾಚಿದಾಗ ಅವು ಅಕ್ಕಪಕ್ಕದಲ್ಲಿ ಇರುವುವು. ಅಂಗೈಯನ್ನು ಕೆಳಗೆ ಮಗುಚಿದೊಡನೆ ಹೆಬ್ಬೆರಳಿನ ಕಡೆಯ ಎಲುಬು ಕಿರುಬೆರಳಿನ ಕಡೆಯ ಎಲುಬಿನ ಮೇಲೆ ಹಾದು ಅಡ್ಡವಾಗುವುದು. ಆಗ ಇಡೀ ಮುಂಗೈಯ ಆಕಾರವೇ ಬೇರೆಯಾಗುವುದು. ಭಿಕ್ಷೆಯನ್ನು ಬೇಡುವ ಕೈಗೂ ಕೊಡುವ ಕೈಗೂ ಭಾವದಲ್ಲಿ ಮಾತ್ರವಲ್ಲ, ಎಲುಬಿನಲ್ಲಿಯೂ ವ್ಯತ್ಯಾಸವಿದೆ.

ವ್ಯಾಕರಣ ಕಲಿಸುವ ನನಗೆ ಇದನ್ನು ಕೇಳಿದಾಗ ನಮ್ಮ ಸಂಧಿ ಪ್ರಕರಣವೇ ಎದುರಿಗೆ ಬಂದಂತಾಯಿತು. ಎಲುಬುಗಳು ಕೂಡುವ ಕೀಲಿಗೂ ಅಕ್ಷರಗಳು ಕೂಡುವ ತಾಣಕ್ಕೂ 'ಸಂಧಿ' ಎಂಬ ಒಂದೇ ಹೆಸರಿರುವುದು ಎಷ್ಟು ಉಚಿತ! 'ಮಳೆ' ಎಂಬುದೂ 'ಕಾಲ' ಎಂಬುದೂ ಕೂಡುವಾಗ ಕಕಾರವು ಗಕಾರವಾಗಿ 'ಮಳೆಗಾಲ'ವಾಗುವುದು. 'ಮನೆ'ಯೂ 'ಅನ್ನು'ವೂ ಕೂಡುವಾಗ ನಡುವೆ ಯಕಾರವೊಂದು ಬಂದು ಸೇರುವುದು. ಎರಡು ರೂಪಗಳು ಸೇರುವಲ್ಲಿ ಮಾರ್ಪಾಡು ಇದ್ದೇ ಇದೆ. ಚಿತ್ರಾಭ್ಯಾಸದ ಹೊಸಬರು ತೋಳು, ಮುಂಗೈ, ಅಂಗೈ ಎಂದು ಮೂರು ಕೊಳವೆಗಳನ್ನು ಬರೆದು ಜೋಡಿಸುವರು. ಅದು 'ಮಳೆ ಕಾಲ' ಎಂದು ಬಿಡಿಬಿಡಿಯಾಗಿ ಓದಿದಂತೆ. ಕೀಲಿನಲ್ಲಿ ಏನು ಮಾರ್ಪಡುತ್ತದೆಂಬುದನ್ನು ಅರಿತಮೇಲೆಯೇ ದೇಹವು ಒಂದು ವಾಕ್ಯವಾಗುವುದು.

ಕೊನೆಗೆ ಜೀವಂತ ವ್ಯಕ್ತಿಯನ್ನು ಬರೆಯುವ ದಿನ ಬಂದಿತು. ವೇದಿಕೆಯ ಮೇಲೆ ನಿಂತವರು ವಯಸ್ಸಾದ ಒಬ್ಬ ಕೂಲಿಗಾರರು. ಸೊಂಟಕ್ಕೊಂದು ಲಂಗೋಟಿ ಮಾತ್ರ. ಮೊದಲ ಕೆಲವು ನಿಮಿಷ ತನಗೆ ತಲೆಯೆತ್ತಲು ಸಂಕೋಚವಾಯಿತೆಂದು ಹುಡುಗನು ಹೇಳಿದನು. ಅಧ್ಯಾಪಕರು ಬಂದು ಒಂದೇ ಪ್ರಶ್ನೆ ಕೇಳಿದರು: "ಅವರ ಭಾರ ಯಾವ ಕಾಲಿನ ಮೇಲಿದೆ?" ಉತ್ತರ ಹೇಳಬೇಕಾದರೆ ನೋಡಲೇಬೇಕು. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುವುದು. ಅದೇ ಕಡೆಯ ಹೆಗಲು ಇಳಿಯುವುದು. ಕೊರಳ ಗುಳಿಯಿಂದ ಗಾರೆಯವರಂತೆ ತೂಕದ ದಾರವನ್ನು ಇಳಿಬಿಟ್ಟರೆ ಅದು ಆ ಕಾಲಿನ ಹರಡಿನ ಬಳಿಗೆ ಬೀಳುವುದು. ಬೇಲೂರಿನ ಮದನಿಕೆಯರು ತ್ರಿಭಂಗಿಯಲ್ಲಿ ನಿಂತಿರುವುದೂ ಈ ನಿಯಮದ ಮೇಲೆಯೇ. ಪೆನ್ಸಿಲನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆಯ ಉದ್ದ ದೇಹದಲ್ಲಿ ಎಷ್ಟು ಸಲ ಬರುವುದೆಂದು ಅಳೆಯತೊಡಗಿದೊಡನೆ ಸಂಕೋಚವು ಎಲ್ಲಿ ಹೋಯಿತೆಂಬುದೇ ತಿಳಿಯಲಿಲ್ಲವಂತೆ. ಬೆಳೆದವರ ಎತ್ತರ ಸುಮಾರು ಏಳೂವರೆ ತಲೆ. ಆಗ ಹುಟ್ಟಿದ ಶಿಶುವಿನದು ಸುಮಾರು ನಾಲ್ಕೇ ತಲೆ. ಕಣ್ಣುಗಳು ಇರುವುದು ತಲೆಯ ಎತ್ತರದ ನಟ್ಟನಡುವೆ. ನಾವೆಲ್ಲರೂ ಬರೆಯುವುದು ಬಹಳ ಮೇಲೆ. ತಾನು ಅಂದಿನವರೆಗೆ ಬರೆಯುತ್ತಿದ್ದುದು ಕಂಡುದನ್ನಲ್ಲ, ಕಂಡೆನೆಂದು ತಿಳಿದುದನ್ನು ಎಂಬ ಅರಿವು ಅವನಿಗಾಯಿತು.

ವಿಶ್ರಾಂತಿಯ ಗಂಟೆಯಾದಾಗ ಆ ವೃದ್ಧರು ಕೆಳಗಿಳಿದು, ಜೋಮು ಹಿಡಿದ ಕಾಲನ್ನು ಎರಡು ಕೈಗಳಿಂದಲೂ ತಿಕ್ಕಿಕೊಂಡರು. ಅಲುಗದೆ ನಿಲ್ಲುವುದು ಎಂತಹ ದುಡಿಮೆಯೆಂದು ಹುಡುಗನಿಗೆ ಅದುವರೆಗೆ ಹೊಳೆದಿರಲಿಲ್ಲ. ಸಂಶಯವಿರುವವರು ತೋಳನ್ನು ಅಡ್ಡಲಾಗಿ ಚಾಚಿ ಐದು ನಿಮಿಷ ನಿಂತು ನೋಡಬಹುದು. ಮರ್ಯಾದೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಆ ಕೊಠಡಿಯಲ್ಲಿ ಒಬ್ಬರು ತಮ್ಮ ದೇಹವನ್ನು ವಿದ್ಯೆಗಾಗಿ ನಿಲ್ಲಿಸಿರುತ್ತಾರೆ. ಉಳಿದವರು ಅದನ್ನು ನಿಷ್ಠೆಯಿಂದ ಓದುತ್ತಾರೆ. ವೈದ್ಯನ ಮುಂದೆ ರೋಗಿಗೆ ಸಲ್ಲುವ ಗೌರವವೇ ಇಲ್ಲಿಯೂ ಸಲ್ಲಬೇಕು. ಅದನ್ನು ಸಲ್ಲಿಸಲಾರದವನ ಕೈಯಲ್ಲಿ ಇದ್ದಿಲು ಇರಬಾರದು.

ಆ ಹುಡುಗನ ತಂದೆಯ ಮಾತು ಏನಾಯಿತು? ರಜೆಯ ಒಂದು ದಿನ ಅವನು ಹೋಟೆಲಿಗೆ ಹೋಗಿ ಕೌಂಟರಿನ ಬದಿಯಲ್ಲಿ ಕುಳಿತು, ಕೆಲಸದಲ್ಲಿದ್ದ ತಂದೆಯನ್ನು ಬರೆದನು. ಮೀನಖಂಡದಲ್ಲಿ ಉಬ್ಬಿದ ನರಗಳು, ಇಳಿದ ಎಡ ಹೆಗಲು, ಹಿಟ್ಟು ಹುಯ್ಯುವ ಬಲಗೈ ಎಲ್ಲವೂ ಅದರಲ್ಲಿದ್ದುವು. ತಂದೆಯವರು ಹಾಳೆಯನ್ನು ಬಹಳ ಹೊತ್ತು ನೋಡಿ, "ನಾನು ಎಡಗಾಲಿಗೆ ಭಾರ ಹಾಕಿ ನಿಲ್ಲುವುದು ನಿನಗೆ ಹೇಗೆ ಗೊತ್ತಾಯಿತು ಮಾರಾಯ?" ಎಂದರಂತೆ. ಚಿತ್ರ ಬರೆದು ಹೊಟ್ಟೆ ತುಂಬುವುದೇ ಎಂಬ ಅವರ ಚಿಂತೆ ಅದರಿಂದ ಪರಿಹಾರವಾಗಲಿಲ್ಲ. ಅದು ನ್ಯಾಯವಾದ ಚಿಂತೆಯೇ. ಆದರೆ ಇದು ಎಂತಹ ವಿದ್ಯೆ ಎಂದು ಅವರು ಮತ್ತೆ ಕೇಳಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಎಲುಬು ಸ್ನಾಯುಗಳ ಜ್ಞಾನವೇ ಕಲೆಯಲ್ಲ; ವ್ಯಾಕರಣ ಬಲ್ಲವರೆಲ್ಲರೂ ಕವಿಗಳಾಗದಂತೆ, ಅಂಗರಚನೆ ಬಲ್ಲವರೆಲ್ಲರೂ ಕಲಾವಿದರಾಗರು. ನೃತ್ಯವನ್ನು ಅರಿಯದವನಿಗೆ ಚಿತ್ರದ ಮರ್ಮ ತಿಳಿಯದೆಂಬುದು ಚಿತ್ರಸೂತ್ರದ ಅಭಿಪ್ರಾಯ. ಇದನ್ನು ಬದುಕಿ ತೋರಿಸಿದವರು ಹೆಬ್ಬಾರರು. ಶಾಲೆಯ ಶಿಕ್ಷಣದಿಂದ ಮಾತ್ರವೇ ಅವರಿಗೆ ತೃಪ್ತಿಯಾಗಲಿಲ್ಲ. ಲಯದ ಅರ್ಥವನ್ನು ತಿಳಿಯುವುದಕ್ಕಾಗಿ ಅವರು ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಕುಣಿಯುವವರ ದೇಹವನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳು 'ಹಾಡುವ ರೇಖೆ' ಎಂಬ ಅರ್ಥದ ಹೆಸರಿನಿಂದ ಖ್ಯಾತವಾದುವು. ಅವುಗಳಲ್ಲಿ ಎಲುಬನ್ನಾಗಲಿ ಸ್ನಾಯುವನ್ನಾಗಲಿ ಬಿಡಿಸಿ ತೋರಿಸಿಲ್ಲ. ಆದರೂ ಭಾರ ಯಾವ ಕಾಲಿನ ಮೇಲಿದೆಯೆಂಬುದು ಒಡನೆಯೇ ತಿಳಿಯುವುದು. ಬಲ್ಲವನು ಬಿಡಬಲ್ಲನು, ತಿಳಿಯದವನು ಬಿಟ್ಟುದು ಬರಿಯ ಕೊರತೆಯಾಗುವುದು.

ನಮ್ಮ ಶಾಲೆಯ ವಿದ್ಯಾರ್ಥಿಗಳು ಈ ಅಭ್ಯಾಸಕ್ಕಾಗಿ ಕಲಾಶಾಲೆಯನ್ನು ಸೇರುವವರೆಗೆ ಕಾಯಬೇಕಾಗಿಲ್ಲ. ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತುಕೊಳ್ಳುವವರು ಈ ಕೆಳಗಿನವನ್ನು ಮನೆಯಲ್ಲಿಯೇ ಮಾಡಬಹುದು.

೧. ಅಂಗೈಯ ಉದ್ದವನ್ನೂ ಮುಖದ ಉದ್ದವನ್ನೂ ಮನೆಯವರೆಲ್ಲರಲ್ಲಿ ದಾರದಿಂದ ಅಳೆದು ಬರೆದಿಡಿರಿ. ಯಾರಲ್ಲಿ ವ್ಯತ್ಯಾಸ ಹೆಚ್ಚು? ವಯಸ್ಸಿಗೂ ಅದಕ್ಕೂ ಸಂಬಂಧವಿದೆಯೇ?

೨. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು, ಬಲ ಅಂಗೈಯನ್ನು ಮಗುಚಿ ನೋಡಿರಿ. ಯಾವ ಎಲುಬು ಸರಿಯಿತು, ಯಾವುದು ನಿಂತಿತು ಎಂಬುದನ್ನು ಗುರುತಿಸಿರಿ.

೩. ಕನ್ನಡಿಯ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿರಿ. ಬಲ ಕಿವಿಯ ಹಿಂದಿನಿಂದ ಕೊರಳ ಗುಳಿಗೆ ಇಳಿಯುವ ಸ್ನಾಯು ಎದ್ದು ಕಾಣುವುದು. ಅದನ್ನು ಒಂದೇ ಗೆರೆಯಲ್ಲಿ ಬರೆಯಿರಿ.

೪. ಲೋಕಲ್ ಗಾಡಿಯಲ್ಲಿ ನಿಂತು ಪ್ರಯಾಣ ಮಾಡುವವರನ್ನು ಗಮನಿಸಿರಿ. ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಬದಲಾಗುವುದೆಂದು ಮನಸ್ಸಿನಲ್ಲಿಯೇ ಗುರುತಿಟ್ಟುಕೊಂಡು ಮನೆಗೆ ಬಂದು ಬರೆಯಿರಿ. ಅಪರಿಚಿತರನ್ನು ದಿಟ್ಟಿಸಿ ನೋಡಿ ಮುಜುಗರಪಡಿಸಬೇಡಿರಿ. ಎದುರಿಗೆ ಬರೆಯುವುದಾದರೆ ಅವರ ಅನುಮತಿ ಪಡೆಯಿರಿ.

೫. ಮನೆಯಲ್ಲಿ ದುಡಿಯುವವರೊಬ್ಬರನ್ನು, ತಾಯಿಯಾಗಲಿ, ತಂದೆಯಾಗಲಿ, ಅಜ್ಜಿಯಾಗಲಿ, ಅವರ ಕೆಲಸದ ನಿಲುವಿನಲ್ಲಿಯೇ ವಾರಕ್ಕೊಮ್ಮೆ ಬರೆದು ತಾರೀಕು ಹಾಕಿಡಿರಿ. ವರ್ಷದ ಕೊನೆಯಲ್ಲಿ ಮೊದಲನೆಯ ಹಾಳೆಯನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕೈ ಎಷ್ಟು ಪಳಗಿತೆಂಬುದು ಅದರಿಂದ ತಿಳಿಯುವುದು; ದಿನವೂ ಕಣ್ಣೆದುರಿಗಿರುವವರನ್ನು ನಾವು ಎಷ್ಟು ಕಡಿಮೆ ನೋಡಿದ್ದೆವೆಂಬುದೂ ತಿಳಿಯುವುದು.