ಬಾರದ ಮಸೂದೆಗೆ ಕಾದಿರುವ ಐರಿಷರು

ನ್ಯೂಯಾರ್ಕಿನ ವುಡ್‌ಲಾನ್, ಬಾಸ್ಟನ್ನಿನ ಡಾರ್ಚೆಸ್ಟರ್ ಕಡೆ ಕಟ್ಟಡ ಕೆಲಸ, ಬಾರ್ ಕೆಲಸ, ವೃದ್ಧರ ಆರೈಕೆ ಮಾಡಿಕೊಂಡು ವರ್ಷಗಟ್ಟಲೆಯಿಂದ ಇರುವ, ಆದರೆ ದಾಖಲೆಯಿಲ್ಲದ ಐರಿಷರಿದ್ದಾರೆ. ಅಲ್ಲೇ ಹುಟ್ಟಿದ ಮಕ್ಕಳು ಅಮೆರಿಕದ ಪ್ರಜೆಗಳು. ಆದರೆ ಊರಲ್ಲಿ ತಾಯಿ ತೀರಿಕೊಂಡರೂ ಇವರು ಹೋಗುವಂತಿಲ್ಲ, ಚರ್ಚಿನ ಅಂತ್ಯಕ್ರಿಯೆಯನ್ನು ಫೋನಿನಲ್ಲೇ ನೋಡಬೇಕು.

ಕಾರಣ 1996ರ ವಲಸೆ ಕಾನೂನು. ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರು ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರು ಹತ್ತು ವರ್ಷ ಮರಳುವಂತಿಲ್ಲ. ಗಮನಿಸಿ, ಈ ನಿಷೇಧ ಬೀಳುವುದು ಉಳಿದಾಗಲ್ಲ, ದೇಶ ಬಿಟ್ಟಾಗ. ಅಕ್ರಮ ವಾಸ ತಪ್ಪಿಸಲೆಂದು ತಂದ ಕಾನೂನೇ ಜನರನ್ನು ಅಲ್ಲೇ ಕೂಡಿಹಾಕಿದೆ.

ಸುಧಾರಣೆಯ ಮಾತು ಹಳೆಯದು. 1965ರ ಕಾಯ್ದೆ ದೇಶವಾರು ಕೋಟಾ ಕಿತ್ತುಹಾಕಿತು. ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಬಾಗಿಲು ತೆರೆದದ್ದೂ, ಐರಿಷರಿಗೆ ದಾರಿ ಕಿರಿದಾದದ್ದೂ ಅದೇ ಕಾಯ್ದೆಯಿಂದ. 1990ರಲ್ಲಿ ಸಂಸದ ಬ್ರೂಸ್ ಮಾರಿಸನ್ ಹೆಸರಿನ ವೀಸಾ ಬಂತು. ಮೂರು ವರ್ಷದಲ್ಲಿ 48,000 ವೀಸಾ ಐರ್ಲೆಂಡಿಗೇ ಮೀಸಲು. ಆಮೇಲೆ ಅಂಥದ್ದು ಸಿಗಲಿಲ್ಲ. 2013ರ ಸಮಗ್ರ ಮಸೂದೆ ಸೆನೆಟ್‌ನಲ್ಲಿ 68–32ರಲ್ಲಿ ಗೆದ್ದರೂ ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಆಸ್ಟ್ರೇಲಿಯನ್ನರಿಗೆ ಮೀಸಲಾಗಿದ್ದು ಅವರು ಬಳಸದೆ ಉಳಿಸಿದ ಇ-3 ಉದ್ಯೋಗ ವೀಸಾಗಳನ್ನು ಐರಿಷರಿಗೆ ಕೊಡುವ ಮಸೂದೆ 2018ರಲ್ಲಿ ಕೆಳಮನೆ ದಾಟಿತು. ಸೆನೆಟ್‌ನಲ್ಲಿ ಸರ್ವಾನುಮತ ಬೇಕಿತ್ತು, ಸೆನೆಟರ್ ಟಾಮ್ ಕಾಟನ್ ಒಬ್ಬರೇ ತಡೆದರು. ಪಾಸಾಗಿದ್ದರೂ ಅದು ಹೊಸದಾಗಿ ಹೋಗುವವರಿಗೆ ಅನುಕೂಲ, ಒಳಗೆ ಸಿಕ್ಕಿಬಿದ್ದವರಿಗಲ್ಲ. ಹಾಗಾಗಿ ಮಸೂದೆ ನಂಬಿ ಬದುಕು ಹೂಡಬೇಡಿ ಎಂದೇ ನಾನು ಹೇಳುವುದು. ಇರುವ ಕಾನೂನಿನಲ್ಲೇ ಏನಿದೆ ನೋಡಿ.

ಮೊದಲ ಪ್ರಶ್ನೆ: ಒಳಗೆ ಬಂದದ್ದು ಹೇಗೆ? ಐರಿಷರಲ್ಲಿ ಅನೇಕರು ವೀಸಾ ಬೇಡದ 90 ದಿನದ ರಿಯಾಯಿತಿಯಲ್ಲಿ ಬಂದವರು. ಆ ಸೌಲಭ್ಯ ಒಪ್ಪಿಕೊಳ್ಳುವಾಗಲೇ ಗಡೀಪಾರನ್ನು ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾರೆ. ಆಶ್ರಯ ಕೋರುವುದೊಂದೇ ವಿನಾಯಿತಿ. ಸಿಕ್ಕಿಬಿದ್ದರೆ ವಲಸೆ ನ್ಯಾಯಾಧೀಶರ ವಿಚಾರಣೆಯಿಲ್ಲದೆಯೇ ವಿಮಾನ ಹತ್ತಿಸಬಹುದು. ಈ ರಿಯಾಯಿತಿ ಇರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಆದ್ದರಿಂದ ಪ್ರವಾಸಿ ವೀಸಾದಲ್ಲಿ ಹೋಗಿ ಅವಧಿ ಮೀರಿದ ಕನ್ನಡಿಗನಿಗೆ ಸಾಮಾನ್ಯವಾಗಿ ನ್ಯಾಯಾಧೀಶರ ಮುಂದೆ ವಾದಿಸುವ ಅವಕಾಶ ಉಂಟು. ಈ ಒಂದು ವಿಷಯದಲ್ಲಿ ನಮ್ಮ ಪಾಸ್‌ಪೋರ್ಟೇ ವಾಸಿ! ಆದರೆ ವಿಚಾರಣೆಯ ದಿನ ಗೈರಾದರೆ ಬೆನ್ನ ಹಿಂದೆಯೇ ಗಡೀಪಾರು ಆದೇಶ ಹೊರಡುತ್ತದೆ.

ಎರಡನೆಯದು ಮದುವೆ. ತಪಾಸಣೆಗೆ ಒಳಪಟ್ಟು ಕ್ರಮವಾಗಿ ಪ್ರವೇಶಿಸಿದವರು ಅಮೆರಿಕದ ಪ್ರಜೆಯನ್ನು ಮದುವೆಯಾದರೆ, ಅವಧಿ ಮೀರಿದ್ದರೂ ದೇಶ ಬಿಡದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. 21 ತುಂಬಿದ ಪ್ರಜೆ-ಮಗ ಅಥವಾ ಮಗಳ ಮೂಲಕವೂ ಆದೀತು. ಗ್ರೀನ್ ಕಾರ್ಡ್ ಮಾತ್ರ ಇರುವವರನ್ನು ಮದುವೆಯಾದರೆ ಈ ಅನುಕೂಲವಿಲ್ಲ. ಅರ್ಜಿ ಬಾಕಿಯಿರುವಾಗ ಊರಿಗೆ ಹೊರಡುವ ಯೋಚನೆ ಬಂದರೆ ವಕೀಲರನ್ನು ಕೇಳದೆ ಟಿಕೆಟ್ ತೆಗೆಯಬೇಡಿ.

ವಲಸೆ ಅಧಿಕಾರಿಗಳು ಬಾಗಿಲು ತಟ್ಟಿದರೆ? ನ್ಯಾಯಾಧೀಶರು ಸಹಿ ಹಾಕಿದ ವಾರಂಟ್ ಇಲ್ಲದೆ ಮನೆಯೊಳಗೆ ಬಿಡಬೇಕಿಲ್ಲ. ಬಾಗಿಲ ಸಂದಿಯಿಂದ ಕಾಗದ ಕೇಳಿ, ಸಹಿ ಯಾರದೆಂದು ಓದಿ. ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿದ ವಾರಂಟ್‌ಗೆ ಆ ಬಲವಿಲ್ಲ. ಮೌನವಾಗಿರಬಹುದು, ಸುಳ್ಳು ಹೇಳಕೂಡದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಬಂಧನವಾದರೆ ನಿಮ್ಮ ದೇಶದ ಕಾನ್ಸುಲೇಟ್‌ಗೆ ತಿಳಿಸುವಂತೆ ಕೇಳುವುದು ವಿಯೆನ್ನಾ ಒಪ್ಪಂದ ಕೊಟ್ಟ ಹಕ್ಕು. ವಕೀಲರನ್ನೂ ಇಟ್ಟುಕೊಳ್ಳಬಹುದು, ಫೀಸು ಮಾತ್ರ ನಿಮ್ಮದೇ.

ಅಷ್ಟು ಹಣವಿಲ್ಲದವರಿಗೆ ನ್ಯೂಯಾರ್ಕಿನ ಎಮರಾಲ್ಡ್ ಐಲ್ ಇಮಿಗ್ರೇಷನ್ ಸೆಂಟರ್‌ನಂಥ ಸಂಸ್ಥೆಗಳಿವೆ. ‘ಹೊಸ ಕಾನೂನು ಬರ್ತಿದೆ, ಈಗಲೇ ದುಡ್ಡು ಕೊಡಿ’ ಎನ್ನುವ ಏಜೆಂಟರನ್ನು ದೂರವಿಡಿ. ಯಾವ ಅರ್ಜಿ ಹಾಕುವ ಮೊದಲೂ ಅಮೆರಿಕದ ಮಾಹಿತಿ ಹಕ್ಕಿನ ಕಾನೂನಿನಡಿ ನಿಮ್ಮದೇ ವಲಸೆ ಕಡತದ ಪ್ರತಿ ತರಿಸಿಕೊಳ್ಳಿ. ಹಳೆಯ ಗಡೀಪಾರು ಆದೇಶವೇನಾದರೂ ಇದ್ದರೆ ಅದು ಅಲ್ಲೇ ಬಯಲಾಗುತ್ತದೆ.