ಕಚ್ಚಾರಸ್ತೆಯ ಕ್ಯಾರವಾನಿಗೆ ಸಸ್ಪೆನ್ಷನ್: ಎರಡು ಕೊಟೇಶನ್‌ಗಳ ಹಿಂದಿನ ಲೆಕ್ಕ

ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ತಯಾರಿಸುವ ಹುಬ್ಬಳ್ಳಿಯ ಉದ್ಯಮಿಯೊಬ್ಬರು, ನಮ್ಮ ಕಚೇರಿಯ ಹಳೆಯ ಕಕ್ಷಿದಾರರು, ಕೆಲವು ತಿಂಗಳ ಹಿಂದೆ ಎರಡು ಕೊಟೇಶನ್‌ಗಳನ್ನು ಹಿಡಿದುಕೊಂಡು ಬಂದರು. ದಾಂಡೇಲಿಯ ಕಡೆ ಹೋಮ್‌ಸ್ಟೇ ನಡೆಸುವವರೊಬ್ಬರು ಅವರಿಗೆ ನಾಲ್ಕು ಕ್ಯಾರವಾನ್‌ಗಳ ಆರ್ಡರ್ ಕೊಟ್ಟಿದ್ದರು. ಸ್ವಂತ ಎಂಜಿನ್ ಇಲ್ಲದ, ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಮಲಗುವ ಹಾಗೂ ಅಡುಗೆಯ ವ್ಯವಸ್ಥೆಯುಳ್ಳ ಗಾಡಿಗಳು ಅವು. ಬೆಲೆ ಮೊದಲೇ ನಿಗದಿಯಾಗಿತ್ತು. ಒಂದು ವರ್ಷದ ಗ್ಯಾರಂಟಿಯನ್ನೂ ಬರೆದುಕೊಟ್ಟಾಗಿತ್ತು. ಮೊದಲ ಕೊಟೇಶನ್ ಲೀಫ್ ಸ್ಪ್ರಿಂಗ್ ಸಸ್ಪೆನ್ಷನ್‌ನದು, ಗಾಡಿಯೊಂದಕ್ಕೆ 41,000 ರೂಪಾಯಿ. ಎರಡನೆಯದು ಪ್ರತಿ ಚಕ್ರಕ್ಕೂ ಪ್ರತ್ಯೇಕ ತೋಳು ಮತ್ತು ಕಾಯಿಲ್ ಸ್ಪ್ರಿಂಗ್ ಇರುವ ಸ್ವತಂತ್ರ ಸಸ್ಪೆನ್ಷನ್‌ನದು, 1,62,000 ರೂಪಾಯಿ. "ಸಾಹೇಬ್ರ, ಎರಡರಾಗ ಯಾವುದು ತಗೊಂಡ್ರ ಲಾಭ ಹೇಳ್ರಿ" ಎಂಬುದು ಅವರ ಪ್ರಶ್ನೆ.

ನಾನು ಎಂಜಿನಿಯರ್ ಅಲ್ಲ. ಆದರೂ ಎರಡು ಕೊಟೇಶನ್‌ಗಳನ್ನು ಹೋಲಿಸುವ ಮುನ್ನ ಅವು ಒಂದೇ ವಸ್ತುವಿಗೆ ಸಂಬಂಧಿಸಿದವೇ ಎಂದು ನೋಡುವುದು ಲೆಕ್ಕಪರಿಶೋಧಕನ ಪ್ರಥಮ ಕರ್ತವ್ಯ. ಕೊಟೇಶನ್‌ನ ಕೆಳಭಾಗದ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿದುಬಂದ ಸಂಗತಿಯಿಷ್ಟು: ಅಗ್ಗದ ಲೀಫ್ ಸ್ಪ್ರಿಂಗ್ 1,200 ಕೆ.ಜಿ. ಭಾರಕ್ಕೆ, ದುಬಾರಿಯದು 2,500 ಕೆ.ಜಿ. ಭಾರಕ್ಕೆ. ಗಾಡಿಯ ತೂಕವೆಷ್ಟೆಂದು ಕೇಳಿದೆ. "ಸಾವಿರದ ನೂರೈವತ್ತು" ಎಂದರು. ಅದು ಖಾಲಿ ಗಾಡಿಯ ತೂಕ.

ಖಾಲಿ ಕ್ಯಾರವಾನಿನಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲವಾದ್ದರಿಂದ ಕಾಗದ ತೆಗೆದು ಕೂಡಿಸಿದೆವು. ಖಾಲಿ ತೂಕ 1,150. ನೂರು ಲೀಟರ್ ನೀರು ಎಂದರೆ 100 ಕೆ.ಜಿ. ತುಂಬಿದ ಎರಡು ಗ್ಯಾಸ್ ಸಿಲಿಂಡರ್‌ಗಳಿಗೆ ಸುಮಾರು 60. ಬ್ಯಾಟರಿ, ಹೆಚ್ಚುವರಿ ಚಕ್ರ, ಜ್ಯಾಕ್, ಮೇಲ್ಛಾವಣಿಯ ಬಟ್ಟೆ ಇತ್ಯಾದಿಗೆ 90. ಹಾಸಿಗೆ, ಪಾತ್ರೆ, ಪ್ರವಾಸಿಗರ ಸಾಮಾನು 150. ಒಟ್ಟು 1,550 ಕೆ.ಜಿ. ಇದರಲ್ಲಿ ಶೇಕಡಾ ಹತ್ತರಷ್ಟು, ಅಂದರೆ 155 ಕೆ.ಜಿ., ಎಳೆಯುವ ವಾಹನದ ಕೊಂಡಿಯ ಮೇಲೆ ಬೀಳುವುದೆಂದು ಹಿಡಿದರೂ ಆಕ್ಸಲ್ ಮೇಲೆ 1,395 ಕೆ.ಜಿ. ಉಳಿಯುತ್ತದೆ. ಅಗ್ಗದ ಸಸ್ಪೆನ್ಷನ್ ಹೊರಡುವ ಮೊದಲೇ ಸುಮಾರು 200 ಕೆ.ಜಿ. ಅಧಿಕ ಭಾರ ಹೊತ್ತಿರುತ್ತಿತ್ತು. ಇನ್ನು ದುಬಾರಿಯದು ಸುರಕ್ಷಿತವೆಂದು ಭಾವಿಸುವುದೂ ಪೂರ್ಣ ಸರಿಯಲ್ಲ. ಹೊರುವ ಭಾರಕ್ಕಿಂತ ತೀರ ಹೆಚ್ಚಿನ ಸಾಮರ್ಥ್ಯದ ಸ್ಪ್ರಿಂಗ್ ಬಾಗುವುದೇ ಇಲ್ಲ. ರಸ್ತೆಯ ಪೆಟ್ಟೆಲ್ಲ ನೇರವಾಗಿ ಗಾಡಿಯ ಚೌಕಟ್ಟಿಗೆ, ಕಪಾಟಿನ ತಿರುಪುಗಳಿಗೆ, ನೀರಿನ ಪೈಪಿನ ಜೋಡಣೆಗಳಿಗೆ ತಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಖಾಲಿಯಾಗಿ ಬರುವಾಗ ಎಷ್ಟು ಗಡಗಡಿಸುತ್ತದೆಂಬುದನ್ನು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಈ ವಿಷಯದಲ್ಲಿ ಗೊಂದಲಕ್ಕೆ ಆಸ್ಪದ ಕಡಿಮೆ. 2019ರಲ್ಲಿ ಮಗಳ ಮನೆಗೆಂದು ಪರ್ತ್ ನಗರಕ್ಕೆ ಹೋಗಿದ್ದಾಗ ಕ್ಯಾರವಾನ್ ಮಾರಾಟದ ಅಂಗಳವೊಂದನ್ನು ಕುತೂಹಲದಿಂದ ಸುತ್ತಿದ್ದೆ. ಪ್ರತಿ ಗಾಡಿಯ ಫಲಕದಲ್ಲಿಯೂ ಎ.ಟಿ.ಎಂ. ಎಂದು ಬರೆದಿತ್ತು. ಅದು ನಮ್ಮ ಬ್ಯಾಂಕಿನ ಎ.ಟಿ.ಎಂ. ಅಲ್ಲ; ಸರಕು ತುಂಬಿದ, ಎಳೆಯುವ ವಾಹನಕ್ಕೆ ಜೋಡಿಸದ ಗಾಡಿಯ ಗರಿಷ್ಠ ತೂಕ. ಜೋಡಿಸಿದಾಗ ಚಕ್ರಗಳ ಮೇಲೆ ಮಾತ್ರ ಬೀಳುವ ಗರಿಷ್ಠ ಭಾರಕ್ಕೆ ಜಿ.ಟಿ.ಎಂ. ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಮೊದಲನೆಯದು 1,550, ಎರಡನೆಯದು 1,395. ಸಸ್ಪೆನ್ಷನ್ ಆಯ್ಕೆ ಆರಂಭವಾಗಬೇಕಾದದ್ದು ಈ ಎರಡು ಅಂಕಿಗಳಿಂದ.

ವಿಧಗಳು ಮತ್ತು ಅವುಗಳ ಸ್ವಭಾವ

ನಮ್ಮ ಗ್ಯಾರೇಜುಗಳಲ್ಲಿ ಪಾಟಾ ಎಂದು ಕರೆಯುವ ಲೀಫ್ ಸ್ಪ್ರಿಂಗ್ ಎಲ್ಲರಿಗೂ ಪರಿಚಿತ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಬಾಗುವಾಗ ಪರಸ್ಪರ ತಿಕ್ಕಿ, ಕುಲುಕಾಟವನ್ನು ತಾವೇ ಒಂದಿಷ್ಟು ತಡೆಯುತ್ತವೆ. ಸ್ಪ್ರಿಂಗಿನ ಕೆಲಸವನ್ನೂ ಆಕ್ಸಲನ್ನು ಸ್ಥಾನದಲ್ಲಿ ಹಿಡಿದಿಡುವ ಕೆಲಸವನ್ನೂ ಒಂದೇ ಭಾಗ ನಿರ್ವಹಿಸುವುದರಿಂದ ರಚನೆ ಸರಳ, ಬೆಲೆ ಅಗ್ಗ. ಒಂದು ಪಟ್ಟಿ ತುಂಡಾದರೂ ನಿಧಾನವಾಗಿ ಊರು ಸೇರಬಹುದು. ಲಾರಿಗಳು ನಿಲ್ಲುವ ಯಾವುದೇ ಪಟ್ಟಣದಲ್ಲಿ ದುರಸ್ತಿ ಸಾಧ್ಯ. ದೋಷವೆಂದರೆ ಇಡೀ ಆಕ್ಸಲ್ ಒಂದೇ ತುಂಡಾದ್ದರಿಂದ ಎಡಚಕ್ರ ಕಲ್ಲು ಹತ್ತಿದಾಗ ಬಲಚಕ್ರವೂ ವಾಲುತ್ತದೆ, ಗಾಡಿಯೂ ವಾಲುತ್ತದೆ. ಶ್ಯಾಕಲ್ ಮತ್ತು ಬುಷ್‌ಗಳು ಸವೆಯುತ್ತವೆ. ಯು-ಬೋಲ್ಟ್‌ಗಳನ್ನು ಆಗಾಗ ಬಿಗಿಗೊಳಿಸದಿದ್ದರೆ ಪಟ್ಟಿ ತುಂಡಾಗುವುದು ನಿಶ್ಚಿತ.

ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಪ್ರತಿ ಚಕ್ರವೂ ಹಿಂದಕ್ಕೆ ಚಾಚಿದ ಒಂದು ತೋಳಿನ ತುದಿಯಲ್ಲಿದ್ದು, ಕಾಯಿಲ್ ಸ್ಪ್ರಿಂಗ್ ಅಥವಾ ಗಾಳಿಚೀಲದ ಮೇಲೆ ತನ್ನಷ್ಟಕ್ಕೆ ಏರಿಳಿಯುತ್ತದೆ. ನಡುವೆ ಅಡ್ಡ ಆಕ್ಸಲ್ ಇಲ್ಲದ್ದರಿಂದ ದಾರಿಯ ಮಧ್ಯದ ಕಲ್ಲು ತಗಲುವ ಭಯ ಕಡಿಮೆ. ಒಳಗಿನ ಸಾಮಾನಿಗೂ ಹಿತ. ಆದರೆ ಕಾಯಿಲ್‌ಗೆ ಪಾಟಾದಂತೆ ತಿಕ್ಕಾಟವಿಲ್ಲ. ಕುಲುಕಾಟವನ್ನು ತಡೆಯುವ ಹೊಣೆಯೆಲ್ಲ ಶಾಕ್ ಅಬ್ಸಾರ್ಬರ್‌ನ ಮೇಲೆ ಬೀಳುತ್ತದೆ. ಅದು ಕೈಕೊಟ್ಟರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ. ತೋಳಿನ ಜೋಡಣೆಯಲ್ಲಿ ಸ್ವಲ್ಪ ಓರೆಯಾದರೂ ಟೈರು ಒಂದೇ ಬದಿಯಲ್ಲಿ ಸವೆಯುವುದರಿಂದ ಅಲೈನ್‌ಮೆಂಟ್ ಮಾಡಬಲ್ಲ ನುರಿತ ಕೈ ಬೇಕು. ಗಾಳಿಚೀಲವಾದರೆ ಕಂಪ್ರೆಸರ್, ವಾಲ್ವ್, ಗಾಳಿಯ ಕೊಳವೆಗಳ ನಿರ್ವಹಣೆ ಇದರ ಮೇಲೆ ಸೇರುತ್ತದೆ.

ಮೂರನೆಯದೊಂದಿದೆ. ಆಕ್ಸಲ್ ಕೊಳವೆಯೊಳಗೆ ರಬ್ಬರ್ ತುಂಬಿ, ಅದರ ತಿರುಚುವಿಕೆಯನ್ನೇ ಸ್ಪ್ರಿಂಗಾಗಿ ಬಳಸುವ ಬಗೆ. ಡಾಂಬರು ರಸ್ತೆಗೆ ಅಚ್ಚುಕಟ್ಟು. ಆದರೆ ರಬ್ಬರ್ ಸೋತಾಗ ದಾರಿಯಲ್ಲಿ ಮಾಡಬಹುದಾದ್ದೇನೂ ಇಲ್ಲ, ಸಾಮಾನ್ಯವಾಗಿ ಇಡೀ ಆಕ್ಸಲನ್ನೇ ಬದಲಿಸಬೇಕು. ಕಚ್ಚಾರಸ್ತೆಗೆ ಇದನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕಿದೆ.

ಗಿಬ್ ರಿವರ್ ರಸ್ತೆಯ ಪಾಠ

ಸ್ವತಂತ್ರ ಸಸ್ಪೆನ್ಷನ್ ಅಷ್ಟೊಂದು ಹೆಸರು ಮಾಡಿದ್ದು ಏಕೆ ಎಂಬುದನ್ನು ತಿಳಿಯಲು ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರಾಂತದ ಗಿಬ್ ರಿವರ್ ರಸ್ತೆಯನ್ನು ನೋಡಬೇಕು. ಡರ್ಬಿ ಪಟ್ಟಣದ ಬಳಿಯಿಂದ ಕುನುನರ್ರಾ ಕಡೆಗೆ ಸುಮಾರು 660 ಕಿಲೋಮೀಟರ್ ಸಾಗುವ ಈ ದಾರಿಯನ್ನು ಮೂಲತಃ ದನಗಳ ಸಾಗಾಣಿಕೆಗಾಗಿ ನಿರ್ಮಿಸಲಾಯಿತು. ಇಂದಿಗೂ ಅದರ ಬಹುಭಾಗ ಜಲ್ಲಿ ಮಣ್ಣಿನದು. ವಾಹನಗಳು ಓಡಿ ಓಡಿ ಅದರ ಮೈ ಮೇಲ್ಛಾವಣಿಯ ತಗಡಿನಂತೆ ಅಲೆಯಲೆಯಾಗಿರುತ್ತದೆ. ಇಂಥ ಅಲೆಗಳ ಮೇಲೆ ವೇಗವಾಗಿ ಗಂಟೆಗಟ್ಟಲೆ ಎಳೆದಾಗ ಸ್ಪ್ರಿಂಗ್ ಪ್ರತಿ ಸೆಕೆಂಡಿಗೂ ಹಲವು ಬಾರಿ ಏರಿಳಿಯುತ್ತದೆ. ಆ ಚಲನೆಯನ್ನು ತಡೆಯುವಾಗ ಶಾಕ್ ಅಬ್ಸಾರ್ಬರ್‌ನ ಒಳಗಿನ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ತೆಳುವಾಗಿ ಹಿಡಿತ ತಪ್ಪುತ್ತದೆ, ಸೀಲು ಒಡೆಯುತ್ತದೆ. ಆದುದರಿಂದಲೇ ಅಲ್ಲಿನ ತಯಾರಕರು ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್ ಹಾಕುವುದುಂಟು. ಅನುಭವಿಗಳಂತೂ ಟೈರಿನ ಗಾಳಿ ಇಳಿಸಿ, ವೇಗ ತಗ್ಗಿಸಿ, ನಡುನಡುವೆ ನಿಲ್ಲಿಸಿ ತಣ್ಣಗಾಗಲು ಬಿಡುತ್ತಾರೆ. ಹಣ ಕೊಟ್ಟು ಕೊಳ್ಳುವ ಸಸ್ಪೆನ್ಷನ್‌ನಷ್ಟೇ ಕೆಲಸವನ್ನು ಖರ್ಚಿಲ್ಲದ ಈ ಉಪಾಯಗಳೂ ಮಾಡುತ್ತವೆ ಎಂಬುದು ಗಮನಾರ್ಹ.

ಅಲ್ಲಿ ಕೆಟ್ಟು ನಿಂತರೆ ನೆರವು ನೂರಾರು ಕಿಲೋಮೀಟರ್ ದೂರ. ಗಾಡಿಯನ್ನು ಎತ್ತಿಸಿಕೊಂಡು ಬರುವ ಒಂದೇ ಖರ್ಚು ಸಸ್ಪೆನ್ಷನ್‌ನ ವ್ಯತ್ಯಾಸವನ್ನು ನುಂಗಿಬಿಡಬಲ್ಲದು. ಹಾಗಾಗಿ ಅವರ ಲೆಕ್ಕ ಅವರಿಗೆ ಸರಿ. ಆದಾಗ್ಯೂ ಅಲ್ಲಿಯೂ ಬಿಡಿಭಾಗ ಸುಲಭವಾಗಿ ದೊರೆಯುತ್ತದೆಂಬ ಕಾರಣಕ್ಕೆ ಪಾಟಾವನ್ನೇ ನೆಚ್ಚಿಕೊಂಡವರಿದ್ದಾರೆ.

ನಮ್ಮ ಲೆಕ್ಕ

ದಾಂಡೇಲಿಯ ಗಾಡಿಗಳ ಪರಿಸ್ಥಿತಿ ಬೇರೆ. ಡಾಂಬರು ರಸ್ತೆಯಿಂದ ತೋಟದೊಳಗಿನ ಬಿಡಾರಕ್ಕೆ ನಾಲ್ಕೈದು ಕಿಲೋಮೀಟರ್ ಕಲ್ಲುಮಣ್ಣಿನ ದಾರಿ. ಗಂಟೆಗೆ 15-20 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗ ಅಸಾಧ್ಯ. ಶಾಕ್ ಅಬ್ಸಾರ್ಬರ್ ಕಾಯುವ ಪ್ರಶ್ನೆಯೇ ಬಾರದು. ಅಲ್ಲಿರುವುದು ಗುಂಡಿ, ಕೆಸರು ಮತ್ತು ಅಧಿಕ ಭಾರದ ಸಮಸ್ಯೆ.

ಇಬ್ಬರು ಪೂರೈಕೆದಾರರಿಂದಲೂ 1,750 ಕೆ.ಜಿ. ಸಾಮರ್ಥ್ಯಕ್ಕೆ ಹೊಸ ಕೊಟೇಶನ್ ತರಿಸಿದೆವು. ಶಾಕ್ ಅಬ್ಸಾರ್ಬರ್ ಸಹಿತ ಪಾಟಾ 52,000 ರೂಪಾಯಿ. ಸ್ವತಂತ್ರ ಸಸ್ಪೆನ್ಷನ್ 1,38,000. ಇನ್ನು ಗ್ಯಾರಂಟಿ ಅವಧಿಯಲ್ಲಿ ಒಂದು ಗಾಡಿ ಕೆಟ್ಟರೆ ತಗಲುವ ವೆಚ್ಚವನ್ನು ಅಂದಾಜು ಮಾಡಿದೆವು. ಹೊಸ ಸ್ಪ್ರಿಂಗ್‌ಗಳಿಗೆ 12,000, ಮೆಕ್ಯಾನಿಕ್‌ನ ಪ್ರಯಾಣ ಮತ್ತು ಕೂಲಿ 9,000, ಕರಾರಿನಂತೆ ದಿನಕ್ಕೆ 3,500ರಂತೆ ನಾಲ್ಕು ದಿನದ ಬಾಡಿಗೆ ನಷ್ಟ 14,000. ಒಟ್ಟು 35,000 ರೂಪಾಯಿ.

ಮೊದಲಿನ ದುರ್ಬಲ ಪಾಟಾದ ಬದಲು ಸರಿಯಾದ ಪಾಟಾ ಹಾಕಲು ಹೆಚ್ಚುವರಿ ವೆಚ್ಚ 11,000. ಮೂರು ಗಾಡಿಗಳಲ್ಲಿ ಒಂದು ವರ್ಷದೊಳಗೆ ಒಮ್ಮೆ ಕೆಡುವ ಸಂಭವವಿದ್ದರೆ ಸಾಕು, ಈ ವೆಚ್ಚ ಹುಟ್ಟಿಬರುತ್ತದೆ. 200 ಕೆ.ಜಿ. ಅಧಿಕ ಭಾರ ಹೊತ್ತ ಪಾಟಾಕ್ಕೆ ಆ ಸಂಭವ ಧಾರಾಳವಾಗಿಯೇ ಇದೆ. ಪಾಟಾದಿಂದ ಸ್ವತಂತ್ರ ಸಸ್ಪೆನ್ಷನ್‌ಗೆ ಏರಲು ಹೆಚ್ಚುವರಿ ವೆಚ್ಚ 86,000. ಅದು ಹುಟ್ಟಿಬರಬೇಕಾದರೆ ಪ್ರತಿ ಗಾಡಿಯೂ ಒಂದೇ ವರ್ಷದಲ್ಲಿ ಎರಡರಿಂದ ಮೂರು ಸಲ ಕೆಡುವುದನ್ನು ಅದು ತಪ್ಪಿಸಬೇಕು. ಈ ದಾರಿಯಲ್ಲಿ, ಈ ವೇಗದಲ್ಲಿ ಅದು ನಂಬತಕ್ಕ ಮಾತಲ್ಲ. ಗಾಡಿಯೊಂದಕ್ಕೆ ಅವರು ಎಣಿಸಿದ್ದ ಲಾಭವೇ 90,000 ರೂಪಾಯಿ. "ಹಂಗಾರ ಪಾಟಾನ ಆತು" ಎಂದು ಅವರೇ ತೀರ್ಮಾನಿಸಿದರು.

ಕಾನೂನಿನ ಬಗ್ಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಸಹ ಮೋಟಾರು ವಾಹನವೇ. ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡವಿದೆ. ಇನ್ನು ಗಾಡಿ ಕೊಳ್ಳುವವರ ಲೆಕ್ಕಪುಸ್ತಕದಲ್ಲಿ, ಮುರಿದ ಪಟ್ಟಿಯ ಬದಲಾವಣೆ ಚಾಲ್ತಿ ದುರಸ್ತಿಯಾಗಿ ಆಯಾ ವರ್ಷದ ಖರ್ಚಿಗೆ ಸೇರುತ್ತದೆ. ಪಾಟಾ ಕಿತ್ತು ಗಾಳಿಚೀಲದ ಸಸ್ಪೆನ್ಷನ್ ಕೂಡಿಸಿದರೆ ಅದನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಿ ಸವಕಳಿ ಪಡೆಯುವುದೇ ಕ್ಷೇಮ.

ಮೊದಲ ಗಾಡಿ ಸಿದ್ಧವಾದಾಗ, ನೀರು ಮತ್ತು ಸಿಲಿಂಡರ್ ತುಂಬಿಸಿ, ಸಾಮಾನಿನ ಬದಲು ಸಿಮೆಂಟ್ ಚೀಲಗಳನ್ನಿಟ್ಟು ವೇ-ಬ್ರಿಡ್ಜ್‌ಗೆ ಒಯ್ಯಬೇಕೆಂದು ಒತ್ತಾಯಿಸಿದ್ದೆ. ಒಟ್ಟು ತೂಕ 1,610 ಕೆ.ಜಿ. ಬಂತು, ನಮ್ಮ ಅಂದಾಜಿಗಿಂತ 60 ಹೆಚ್ಚು. ಸಸ್ಪೆನ್ಷನ್‌ನ ಮಿತಿಯೊಳಗೇ ಇತ್ತು. ಆದರೆ ಕೊಂಡಿಯ ಮೇಲಿನ ಭಾರ 95 ಕೆ.ಜಿ. ಮಾತ್ರ, ಅಂದರೆ ಶೇಕಡಾ ಆರು. ಕೊಂಡಿ ಇಷ್ಟು ಹಗುರಾದರೆ ಡಾಂಬರು ರಸ್ತೆಯ ವೇಗದಲ್ಲಿ ಗಾಡಿ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ; ಯಾವ ಸಸ್ಪೆನ್ಷನ್ ಕೂಡ ಅದನ್ನು ತಡೆಯಲಾರದು. ಕಾರಣ ಹುಡುಕಿದಾಗ ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿತ್ತು. ಅದನ್ನು ಸುಮಾರು ಎರಡು ಮೀಟರ್ ಮುಂದಕ್ಕೆ ಸರಿಸಿ ಮತ್ತೆ ತೂಗಿದಾಗ ಕೊಂಡಿಯ ಭಾರ 150 ಕೆ.ಜಿ.ಗೆ ಬಂತು. ಉಳಿದ ಮೂರು ಗಾಡಿಗಳ ನಕ್ಷೆಯನ್ನು ಬೆಸುಗೆಗೆ ಮುನ್ನವೇ ಹಾಗೆ ತಿದ್ದಲಾಯಿತು.